ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಡೋದು ಹೇಗೆ?

2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೆಲ್ಮೆಟ್ ಹಾಕಿಲ್ಲ ಅಂತ ಶುರುವಾದ ಮಾತು, ಯುವ ವಕೀಲರೊಬ್ಬರನ್ನು ಠಾಣೆಯಲ್ಲಿ ಹೊಡೆದರು ಎಂಬ ಆರೋಪಕ್ಕೆ ಬಂದು ನಿಂತಿತು. ಆರು ಮಂದಿ ಪೊಲೀಸರು ಅಮಾನತಾದರು, ಕೇಸು ಬಿತ್ತು. ವಕೀಲರು ಬೀದಿಗಿಳಿದರು. ಅದೇನೋ ಸರಿ. ಆಮೇಲೆ ಪೊಲೀಸರೂ ಅವರ ಮನೆಯವರೂ ಬೀದಿಗಿಳಿದರು, ನಮ್ಮವರ ಮೇಲೆ ಕೇಸು ಹಾಕಿದ್ದು ಅನ್ಯಾಯ ಎಂದು. ಕೊನೆಗೆ ತನಿಖೆ ಸಿಐಡಿಗೆ ಹೋಯಿತು.

ಆ ಪ್ರತಿಭಟನೆ ನೋಡಿ ಬೈದವರೇ ಜಾಸ್ತಿ. ಆದರೆ ಒಬ್ಬ ಪಿಸಿಯ (ಪೊಲೀಸ್ ಕಾನ್ಸ್‌ಟೇಬಲ್) ಕಡೆಯಿಂದ ಸ್ವಲ್ಪ ನೋಡಿ. ನಾಳೆ ಅವನನ್ನು ಎಲ್ಲಿ ಬಂದೋಬಸ್ತ್‌ಗೆ ಹಾಕಬೇಕು ಅಂತ ತೀರ್ಮಾನಿಸೋದು ಅದೇ ಎಸ್‌ಐ. ರಜೆ ಚೀಟಿಗೆ ಸಹಿ ಹಾಕೋದು ಅದೇ ಇನ್‌ಸ್ಪೆಕ್ಟರ್. ಗಲಾಟೆಯಲ್ಲಿ ಕಲ್ಲು ಬೀಳುವಾಗ ಪಕ್ಕದಲ್ಲಿ ನಿಲ್ಲುವವನು ಅದೇ ಸಹೋದ್ಯೋಗಿ. ಸಂಘ ಕಟ್ಟಿ ಮಾತಾಡೋಣ ಅಂದರೆ 1966ರಷ್ಟು ಹಿಂದೆಯೇ ಬಂದ ಕೇಂದ್ರ ಕಾಯ್ದೆಯ ನಿರ್ಬಂಧ. ಇಂಥ ಕಡೆ 'ನಮ್ಮವನನ್ನು ಬಿಟ್ಟುಕೊಡಬಾರದು' ಅನ್ನೋದು ಕೆಟ್ಟವರ ಗುಣ ಮಾತ್ರ ಅಲ್ಲ, ಒಳ್ಳೆಯವರಿಗೂ ಅಭ್ಯಾಸ ಆಗಿಬಿಡುತ್ತೆ. ಹಾಗಾಗಿ ಯಾರಾದರೂ ಒಬ್ಬ ಧೈರ್ಯವಂತ ಎದ್ದು ಸತ್ಯ ಹೇಳುತ್ತಾನೆ ಅಂತ ಕಾಯುತ್ತಾ ಕೂರಬೇಡಿ. ಠಾಣೆಯಲ್ಲಿ ಎಲ್ಲರ ಮಾತೂ ಒಂದೇ ಆಗೋದಕ್ಕೆ ಒಂದೆರಡು ದಿನ ಸಾಕು. ಅಷ್ಟರೊಳಗೆ ನಿಮ್ಮ ಕಡೆಯ ದಾಖಲೆ ಆ ಠಾಣೆಯ ಹೊರಗೆ, ಅವರ ಕೈಗೆ ಸಿಗದ ಜಾಗದಲ್ಲಿ ಇರಬೇಕು. ಕೆಳಗೆ ಹೇಳುವುದೆಲ್ಲ ಇದಕ್ಕಾಗಿಯೇ.

1. ಕರೆದುಕೊಂಡು ಹೋಗುವಾಗಲೇ

ಪೊಲೀಸರ ಎದೆ ಮೇಲಿನ ಹೆಸರು ಓದಿ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ನಿಯಮ ಇದು. ಬಂಧಿಸುವವರ ಹೆಸರು, ಹುದ್ದೆ ಕಾಣುವ ಹಾಗೆ ಇರಬೇಕು. ಬಂಧನದ ಮೆಮೊ ಬರೆದು ಅದಕ್ಕೆ ಮನೆಯವರೋ ಊರಿನವರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಯಾಕೆ ಬಂಧಿಸಿದ್ದಾರೆ ಅಂತ ಹೇಳಬೇಕು, ಮನೆಗೆ ತಿಳಿಸಬೇಕು. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್ ಕಾನೂನಿನಲ್ಲೂ ಇವೆಲ್ಲ ಇವೆ. ವಿಚಾರಣೆ ನಡೆಯುವಾಗ ನಿಮ್ಮ ವಕೀಲರನ್ನು ಭೇಟಿ ಮಾಡುವ ಹಕ್ಕೂ ಇದೆ, ಆದರೆ ಪೂರ್ತಿ ಹೊತ್ತು ವಕೀಲರು ಪಕ್ಕದಲ್ಲೇ ಕೂರುವ ಹಾಗಿಲ್ಲ. ಹೆಂಗಸರನ್ನು, 15 ವರ್ಷಕ್ಕಿಂತ ಚಿಕ್ಕ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಬಾ ಅನ್ನುವ ಹಾಗಿಲ್ಲ, ಅವರ ಮನೆಗೇ ಬಂದು ಕೇಳಬೇಕು.

ಅಲ್ಲಿ ನಿಂತು ಕಾನೂನು ಪಾಠ ಮಾಡೋಕೆ ಹೋಗಬೇಡಿ. ಕೈ ತಳ್ಳಬೇಡಿ, ಅಂಗಿ ಹಿಡಿಯಬೇಡಿ. 'ಸರ್ಕಾರಿ ಕೆಲಸಕ್ಕೆ ಅಡ್ಡಿ' ಅಂತ ಒಂದು ಕೌಂಟರ್ ಕೇಸು ಬೀಳೋಕೆ ಅಷ್ಟು ಸಾಕು. ಮೊದಲು ಐಪಿಸಿ 353 ಅಂತಿದ್ದದ್ದು ಈಗ ಬಿಎನ್‌ಎಸ್ 132. ನಿಮ್ಮ ದೂರು ಬರುವ ಮುಂಚೆಯೇ ಅದು ಎಫ್‌ಐಆರ್ ಆಗಿ ಕೂತಿರುತ್ತೆ.

ಮನೆಯಲ್ಲಿ ಉಳಿದವರು ಮಾಡಬೇಕಾದ್ದು ಒಂದಿದೆ. 112ಕ್ಕೆ ಫೋನ್ ಮಾಡಿ. 'ಇಷ್ಟು ಹೊತ್ತಿಗೆ, ಇಂಥ ನಂಬರಿನ ಜೀಪಲ್ಲಿ, ನಮ್ಮವರನ್ನು ಕರೆದುಕೊಂಡು ಹೋದರು, ಯಾವ ಠಾಣೆ ಅಂತ ಹೇಳಿಲ್ಲ' ಅನ್ನಿ. ಪೊಲೀಸರ ಬಗ್ಗೆ ಪೊಲೀಸರಿಗೇ ಫೋನ್ ಮಾಡೋದಾ ಅಂತ ನಗಬೇಡಿ. ಆ ಕರೆ ದಾಖಲಾಗೋದು ಕಂಟ್ರೋಲ್ ರೂಮಿನಲ್ಲಿ, ಠಾಣೆಯ ರೈಟರ್ ಪುಸ್ತಕದಲ್ಲಿ ಅಲ್ಲ. ಆಮೇಲೆ ಯಾರಾದರೂ 'ಅವನನ್ನು ಕರೆತಂದಿದ್ದೇ ಮರುದಿನ ಬೆಳಗ್ಗೆ' ಅಂತ ಬರೆದರೆ, ಹಿಂದಿನ ರಾತ್ರಿಯ ಆ ಕರೆಯೇ ಉತ್ತರ ಕೊಡುತ್ತೆ. ಬಂಧಿಸಿದ 24 ಗಂಟೆಯೊಳಗೆ (ಪ್ರಯಾಣದ ಹೊತ್ತು ಬಿಟ್ಟು) ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಲೆಕ್ಕ ತಪ್ಪಿಸುವ ಆಟ ನಡೆಯೋದೆಲ್ಲ ಈ 24 ಗಂಟೆಯಲ್ಲೇ.

ಎಲ್ಲಿಟ್ಟಿದ್ದಾರೆ ಅಂತಲೇ ಗೊತ್ತಾಗದಿದ್ದರೆ ವಕೀಲರನ್ನು ಹಿಡಿದು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ (ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ) ಹಾಕಿ. ಅದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ, ಉತ್ತರದ ಜಿಲ್ಲೆಗಳವರಿಗೆ ಧಾರವಾಡ, ಕಲಬುರಗಿ ಪೀಠಗಳಿವೆ. ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

2. ಡಾಕ್ಟರ ಮುಂದೆ, ಜಡ್ಜ್ ಮುಂದೆ

ಹೊಡೆತ ತಿಂದವರು ಹೆಚ್ಚು ಕಳೆದುಕೊಳ್ಳೋದು ಈ ಎರಡು ಕಡೆ. ಬಂಧಿಸಿದ ಮೇಲೆ ವೈದ್ಯಕೀಯ ಪರೀಕ್ಷೆ ಕಡ್ಡಾಯ. ಸಾಮಾನ್ಯವಾಗಿ ಏನಾಗುತ್ತೆ? ರಾತ್ರಿ ಹೊತ್ತು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಪಕ್ಕದಲ್ಲೇ ಪೇದೆ ನಿಂತಿರುತ್ತಾನೆ, ಡ್ಯೂಟಿ ಡಾಕ್ಟರ್ ತಲೆ ಎತ್ತದೆ 'ಏನಾದರೂ ಗಾಯ?' ಅನ್ನುತ್ತಾರೆ, ಇವರು ಹೆದರಿ ಇಲ್ಲ ಅನ್ನುತ್ತಾರೆ, ಕೆಲಸ ಮುಗಿಯಿತು. ಆ 'ಇಲ್ಲ' ಮುಂದೆ ವರ್ಷಗಟ್ಟಲೆ ನಿಮ್ಮ ಬೆನ್ನಿಗೆ ಬೀಳುತ್ತೆ. 'ಪೊಲೀಸರು ಸ್ವಲ್ಪ ಹೊರಗೆ ನಿಲ್ಲಲಿ ಡಾಕ್ಟ್ರೇ' ಅಂತ ಕೇಳಿ. ಒಪ್ಪದಿದ್ದರೂ ಗಾಯ ಇರುವ ಜಾಗ ತೋರಿಸಿ. ಅಂಗಾಲು, ತೊಡೆಯ ಹಿಂಭಾಗ, ಕಿವಿ. ಇವೆಲ್ಲ ಬಟ್ಟೆ ಹಾಕಿಕೊಂಡಾಗ ಕಾಣದ ಜಾಗಗಳು, ಕೇಳದಿದ್ದರೆ ಯಾರೂ ನೋಡೋದಿಲ್ಲ. ವರದಿಯ ಒಂದು ಪ್ರತಿ ನಿಮಗೋ ನೀವು ಹೇಳಿದವರಿಗೋ ಕೊಡಬೇಕು ಅಂತ ಕಾನೂನೇ ಹೇಳುತ್ತೆ. ಬಿಡುಗಡೆ ಆದ ಮೇಲಾದರೆ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಗಾಯದ ಕಾನೂನು ದಾಖಲೆ) ಮಾಡಿಸಿ. ಎಂಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ, ವೂಂಡ್ ಸರ್ಟಿಫಿಕೇಟ್ ಕೇಳುವಾಗ ಬೇಕಾಗುತ್ತೆ. ಫೋಟೋ ಅವತ್ತೇ ತೆಗೆಸಿ, ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ತೆಗೆಸಿ. ಬಾಸುಂಡೆ ಬಣ್ಣ ಬದಲಾಗೋದೂ ಒಂದು ಸಾಕ್ಷಿಯೇ.

ಆಮೇಲೆ ಕೋರ್ಟ್. ರಿಮ್ಯಾಂಡ್‌ಗೆ, ಅಂದರೆ ಕಸ್ಟಡಿ ಮುಂದುವರಿಸಬೇಕಾ ಅಂತ ತೀರ್ಮಾನಿಸೋಕೆ, ನಿಲ್ಲಿಸಿದಾಗ ಮ್ಯಾಜಿಸ್ಟ್ರೇಟ್ ಒಂದು ಪ್ರಶ್ನೆ ಕೇಳುತ್ತಾರೆ: 'ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯಾ?' ಅರ್ಧ ನಿಮಿಷದ ಮಾತು ಅಷ್ಟೇ. ನೀವು ತಲೆ ಅಲ್ಲಾಡಿಸಿದರೆ 'ದುರ್ವರ್ತನೆಯ ದೂರು ಇಲ್ಲ' ಅಂತ ಆರ್ಡರ್ ಶೀಟಿನಲ್ಲಿ ಒಂದು ಸಾಲು ಬೀಳುತ್ತೆ. ಆ ಸಾಲು ಇಟ್ಟುಕೊಂಡು ಮುಂದೆ ಇಡೀ ಇಲಾಖೆ ನಿಮ್ಮನ್ನು ಸುಳ್ಳುಗಾರ ಅನ್ನುತ್ತೆ. ಕೋರ್ಟಿಗೆ ಬರುವ ದಾರಿಯಲ್ಲಿ 'ಜಡ್ಜ್ ಮುಂದೆ ಏನೂ ಹೇಳಬೇಡ, ಬೇಲ್‌ಗೆ ನಾವು ತಕರಾರು ಹಾಕಲ್ಲ' ಅಂತ ಒಳ್ಳೆ ಮಾತಲ್ಲೇ ಹೇಳಿರುತ್ತಾರೆ. ಬೇಲ್ ಕೊಡೋದು ಜಡ್ಜ್, ಪೊಲೀಸರಲ್ಲ. ಹೊಡೆದಿದ್ದರೆ ಅಲ್ಲೇ ಹೇಳಿ, ಅಂಗಿ ಎತ್ತಿ ತೋರಿಸಿ, 'ಇದನ್ನು ಬರೆದುಕೊಳ್ಳಿ ಸ್ವಾಮಿ' ಅನ್ನಿ.

ಇನ್ನೊಂದು ಮಾತು. ಠಾಣೆಯಲ್ಲಿ ಹೊಡೆದು ಬರೆಸಿಕೊಂಡ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆ ಇಲ್ಲ. ಅದರಿಂದ ಏನಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತೆ.

3. ಸಿಸಿಟಿವಿ: ಮೊದಲ ವಾರದಲ್ಲೇ

ಇದಕ್ಕೆ ಯಾಕೆ ಇಷ್ಟು ಅವಸರ ಅಂತ ತಿಳಿಯೋದಕ್ಕೆ ತಮಿಳುನಾಡಿನ ಸಾತ್ತಾನ್‌ಕುಳಂ ಪ್ರಕರಣ ಸಾಕು. 2020ರ ಜೂನ್ 19. ಕೊರೊನಾ ನಿರ್ಬಂಧದ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅಂತ ಜಯರಾಜ್ ಅವರನ್ನು ಠಾಣೆಗೆ ಒಯ್ದರು. ಅಪ್ಪನನ್ನು ಕೇಳಲು ಹೋದ ಮಗ ಬೆನ್ನಿಕ್ಸ್ ಕೂಡ ಅಲ್ಲೇ ಉಳಿದರು. ಕೆಲವೇ ದಿನಗಳಲ್ಲಿ ಇಬ್ಬರೂ ತೀರಿಕೊಂಡರು. ವಿಚಾರಣೆಗೆ ಠಾಣೆಗೆ ಹೋದ ಮ್ಯಾಜಿಸ್ಟ್ರೇಟ್ ಸಿಸಿಟಿವಿ ನೋಡಿದರೆ, ಹಾರ್ಡ್ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದ್ದರೂ ದಿನದ ದೃಶ್ಯ ದಿನವೇ ಅಳಿಸಿಹೋಗುವ ಹಾಗೆ ಸೆಟ್ಟಿಂಗ್ ಮಾಡಲಾಗಿತ್ತು. ಆ ರಾತ್ರಿಯ ಒಂದು ದೃಶ್ಯವೂ ಉಳಿದಿರಲಿಲ್ಲ. ಅಲ್ಲಿದ್ದ ಪೊಲೀಸರು ಮ್ಯಾಜಿಸ್ಟ್ರೇಟ್‌ಗೇ ಸಹಕಾರ ಕೊಡಲಿಲ್ಲ, ಹೀಯಾಳಿಸಿದರು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಠಾಣೆಯನ್ನೇ ಕಂದಾಯ ಇಲಾಖೆಯ ಸುಪರ್ದಿಗೆ ಕೊಡಿಸಬೇಕಾಯಿತು. ಸಾಕ್ಷ್ಯ ಕಾಯೋಕೆ ಪೊಲೀಸ್ ಠಾಣೆಗೆ ತಹಶೀಲ್ದಾರ್ ಕಡೆಯವರನ್ನು ಕೂರಿಸೋದು ಅಂದರೆ ಏನು ಅಂತ ಯೋಚಿಸಿ!

ಅದೇ ವರ್ಷ ಡಿಸೆಂಬರ್ 2ರಂದು, ಪರಮ್‌ವೀರ್ ಸಿಂಗ್ ಸೈನಿ ಎಂಬ ಬೇರೆ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಿಗೂ ಕ್ಯಾಮೆರಾ ಕಡ್ಡಾಯ ಮಾಡಿತು. ಬಾಗಿಲು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಠಾಣೆಯ ಹಿಂಭಾಗ ಯಾವುದೂ ಬಿಟ್ಟುಹೋಗಬಾರದು. ಧ್ವನಿಯೂ ದಾಖಲಾಗಬೇಕು. 18 ತಿಂಗಳು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷ ದೃಶ್ಯ ಉಳಿಸಬೇಕು. ಕಾಗದದ ಮೇಲೆ ಹೀಗಿದೆ. ನಿಜದಲ್ಲಿ 'ಅವತ್ತು ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರಕ್ಕೆ ತಯಾರಿರಿ. ಅದಕ್ಕೇ ಬೇಗ ಬರೆಯಬೇಕು. ಹೀಗೆ ಬರೆದರೆ ಸಾಕು:

'ದಿನಾಂಕ ___ ರಾತ್ರಿ ___ ಗಂಟೆಯಿಂದ ಮರುದಿನ ___ ಗಂಟೆವರೆಗೆ ನನ್ನನ್ನು ನಿಮ್ಮ ಠಾಣೆಯಲ್ಲಿ ಇರಿಸಲಾಗಿತ್ತು. ಆ ಅವಧಿಯಲ್ಲಿ ಮುಖ್ಯದ್ವಾರ, ಲಾಕಪ್, ವರಾಂಡ ಮತ್ತು ಎಸ್‌ಐ ಕೋಣೆಯ ಸಿಸಿಟಿವಿ ದೃಶ್ಯ ಹಾಗೂ ಧ್ವನಿ, ಠಾಣಾ ದಿನಚರಿಯ ಪುಟಗಳು ನನ್ನ ದೂರಿಗೆ ಸಾಕ್ಷ್ಯ. ಇವನ್ನು ಅಳಿಸದೆ ಕಾಪಾಡಿ ಇಡಬೇಕು. ಕ್ಯಾಮೆರಾ ಕೆಲಸ ಮಾಡುತ್ತಿರಲಿಲ್ಲ ಎಂದಾದರೆ ಯಾವ ದಿನದಿಂದ, ದುರಸ್ತಿಗೆ ಯಾವಾಗ ಬರೆಯಲಾಗಿದೆ ಎಂದು ಲಿಖಿತವಾಗಿ ತಿಳಿಸಿ.'

ಕೊನೆಯ ವಾಕ್ಯ ಬಿಡಬೇಡಿ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಮೇಲಿನವರಿಗೆ ತಕ್ಷಣ ಬರೆಯಬೇಕು ಅಂತ ಅದೇ ಆದೇಶದಲ್ಲಿದೆ. ಬರೆದಿಲ್ಲ ಅಂದರೆ ಕೆಟ್ಟಿತ್ತು ಅನ್ನೋ ಕಥೆಯನ್ನು ನಂಬೋದು ಕಷ್ಟ. ಈ ಪತ್ರ ಠಾಣೆಗೆ ಒಂದು, ಎಸ್‌ಪಿಗೆ (ಕಮಿಷನರೇಟ್ ಊರುಗಳಲ್ಲಿ ಡಿಸಿಪಿಗೆ) ಒಂದು, ಸ್ಪೀಡ್ ಪೋಸ್ಟ್‌ನಲ್ಲಿ. ಆರ್‌ಟಿಐ ಅರ್ಜಿಯನ್ನೂ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಹಾಕಿ. ಕೊಡುತ್ತಾರೆ ಅಂತಲ್ಲ. ಕೇಳಿದ್ದಕ್ಕೆ ಪುರಾವೆ ಇರಲಿ ಅಂತ. ಕೇಳಿದ ಮೇಲೆ ದೃಶ್ಯ ಅಳಿಸಿಹೋದರೆ ಅದು ಬೇರೆಯೇ ಪ್ರಶ್ನೆ ಆಗುತ್ತೆ. ಕೋರ್ಟಿನಲ್ಲಿ ಕೇಸು ಇದ್ದರೆ ವಕೀಲರ ಮೂಲಕ ಬಿಎನ್‌ಎಸ್‌ಎಸ್ 94ರ ಅರ್ಜಿ ಹಾಕಿಸಿ ತರಿಸಿಕೊಳ್ಳಬಹುದು.

4. ದೂರು, ಮತ್ತು ಹಿಂಬರಹ

ದೂರಿನಲ್ಲಿ ಸಿಟ್ಟು ಬೇಡ. 'ಗೂಂಡಾಗಳಂತೆ ವರ್ತಿಸಿದರು' ಅನ್ನೋದಕ್ಕಿಂತ 'ಬಲಗೈಯಲ್ಲಿ ಫೈಬರ್ ಲಾಠಿ ಹಿಡಿದಿದ್ದ, ಎದೆಯ ಮೇಲೆ ಇಂಥ ಹೆಸರಿದ್ದವರು ಎಡತೊಡೆಗೆ ಹೊಡೆದರು' ಅನ್ನೋದು ಕೆಲಸಕ್ಕೆ ಬರುತ್ತೆ. ಹೆಸರು ಗೊತ್ತಿಲ್ಲದವರನ್ನು ಹೇಗಿದ್ದರು ಅಂತ ಬರೆಯಿರಿ. ಸುಮ್ಮನೆ ನೋಡುತ್ತಾ ನಿಂತವರನ್ನೂ ಬರೆಯಿರಿ, ಆದರೆ ಹೊಡೆದವರ ಜೊತೆ ಸೇರಿಸಬೇಡಿ, ಬೇರೆಯಾಗಿ ಬರೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ನೋಡುತ್ತಾ ನಿಂತ ಪಿಸಿಯನ್ನೂ ಆರೋಪಿ ಮಾಡಿದರೆ ಅವನಿಗೆ ಗುಂಪಿನ ಜೊತೆ ನಿಲ್ಲದೆ ಬೇರೆ ದಾರಿ ಇರೋದಿಲ್ಲ. 'ಸೆಂಟ್ರಿಯಲ್ಲಿ ಇದ್ದವರು ನೋಡಿದ್ದಾರೆ, ಅವರನ್ನು ವಿಚಾರಿಸಬೇಕು' ಅಂತ ಬರೆದರೆ ಅವನು ಸಾಕ್ಷಿ ಆಗುತ್ತಾನೆ. ಮುಂದೆ ಸತ್ಯ ಹೇಳೋಕೆ ಒಂದು ಸಂದು ಉಳಿಯುತ್ತೆ.

ಠಾಣೆಯಲ್ಲಿ ದೂರು ಕೊಟ್ಟರೆ ಏನಾಗುತ್ತೆ ಅಂತ ನಿಮಗೂ ಗೊತ್ತು. 'ಸಾಹೇಬ್ರು ರೌಂಡ್ಸ್‌ಗೆ ಹೋಗಿದ್ದಾರೆ, ನಾಳೆ ಬನ್ನಿ.' ನಾಳೆ ಹೋದರೆ ಟೀ ತರಿಸಿ, 'ಆಗಿದ್ದು ಆಯ್ತು ಬಿಡಿ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಮಾತಾಡಿ ಮುಗಿಸೋಣ' ಅಂತ ರಾಜಿ ಪಂಚಾಯ್ತಿ. ಟೀ ಕುಡಿಯಿರಿ ಬೇಕಾದರೆ, ಯಾವುದಕ್ಕೂ ಸಹಿ ಹಾಕಬೇಡಿ. ದೂರು ತಗೊಂಡರೆ ಸ್ವೀಕೃತಿ, ತಗೊಳ್ಳದಿದ್ದರೆ ಹಿಂಬರಹ ಕೇಳಿ. ಯಾಕೆ ತಗೊಳ್ಳೋದಿಲ್ಲ ಅಂತ ಬರೆದು ಕೊಡಲಿ. ಬರೆದು ಕೊಡೋಕೆ ಹಿಂಜರಿಯುತ್ತಾರೆ, ಆ ಹಿಂಜರಿಕೆಯಿಂದಲೇ ಎಷ್ಟೋ ದೂರುಗಳು ದಾಖಲಾಗಿವೆ.

ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಯಾವ ಠಾಣೆಯಲ್ಲಾದರೂ ಕೊಡಬಹುದು, ಅದು ಝೀರೋ ಎಫ್‌ಐಆರ್. ಪೊಲೀಸರ ಮೇಲೆ ದೂರು ಅಂದಾಗ ಇದು ಉಪಯೋಗಕ್ಕೆ ಬರುತ್ತೆ, ಆದರೆ ಕೊನೆಗೆ ಅದು ಅದೇ ಠಾಣೆಗೆ ವರ್ಗಾವಣೆ ಆಗಿಬಿಡಬಹುದು. ಹಾಗಾಗಿ 'ತನಿಖೆಯನ್ನು ಬೇರೆ ಉಪವಿಭಾಗದ ಡಿವೈಎಸ್‌ಪಿಗೆ ಅಥವಾ ಸಿಐಡಿಗೆ ಕೊಡಿ' ಅಂತ ದೂರಿನಲ್ಲೇ ಒಂದು ಸಾಲು ಸೇರಿಸಿ. ದಲಿತರ ಮೇಲಿನ ದೌರ್ಜನ್ಯ ಆಗಿದ್ದರೆ ಪ್ರಾಥಮಿಕ ವಿಚಾರಣೆಯ ನೆಪ ಹೇಳುವ ಹಾಗೇ ಇಲ್ಲ. ಪರಿಶಿಷ್ಟ ಜಾತಿ-ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 18ಎ ಅದನ್ನು ತೆಗೆದುಹಾಕಿದೆ. ಕರ್ತವ್ಯ ಮಾಡದ ಸರ್ಕಾರಿ ನೌಕರನಿಗೆ 4ನೇ ಸೆಕ್ಷನ್ ಪ್ರಕಾರ ಶಿಕ್ಷೆಯೂ ಇದೆ. 2021ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನಿಗೆ ಮೂತ್ರ ಕುಡಿಸಿದರು ಎಂಬ ಆರೋಪ ಬಂದಾಗ, ಆತ ಮೇಲಧಿಕಾರಿಗಳಿಗೇ ಬರೆದ. ಎಫ್‌ಐಆರ್ ಆಯಿತು, ಎಸ್‌ಐ ಅಮಾನತಾದರು, ಸಿಐಡಿ ಅವರನ್ನು ಬಂಧಿಸಿತು. ಠಾಣೆಯ ಬಾಗಿಲಲ್ಲೇ ಕಾದಿದ್ದರೆ ಅಷ್ಟು ದೂರ ಹೋಗುತ್ತಿತ್ತಾ?

5. ಅಲ್ಲೂ ಆಗದಿದ್ದರೆ

ಎಸ್‌ಪಿಗೆ ಪೋಸ್ಟಿನಲ್ಲಿ ಕಳಿಸಿ. ಬಿಎನ್‌ಎಸ್‌ಎಸ್ 173(4) ಪ್ರಕಾರ ಈ ಹೆಜ್ಜೆ ದಾಟದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರೆ ಅರ್ಜಿ ಅಲ್ಲೇ ಬೀಳುತ್ತೆ. ಆಮೇಲೆ 175(3)ರಲ್ಲಿ ಅರ್ಜಿ, ಜೊತೆಗೆ ಅಫಿಡವಿಟ್. ಪೋಸ್ಟ್ ರಸೀದಿ ಲಗತ್ತಿಸಿ.

ಇಲ್ಲೊಂದು ತೊಡಕಿದೆ, ವಕೀಲರು ಮೊದಲೇ ಹೇಳದಿದ್ದರೆ ಬೇಜಾರಾಗುತ್ತೆ. ಹೊಸ ಕಾನೂನಿನ 175(4), ಡ್ಯೂಟಿಯಲ್ಲಿದ್ದಾಗ ಮಾಡಿದ್ದು ಅನ್ನುವ ಆರೋಪ ಇದ್ದರೆ ಮೇಲಧಿಕಾರಿಯ ವರದಿಯನ್ನೂ ಆ ನೌಕರನ ವಿವರಣೆಯನ್ನೂ ನೋಡಿದ ಮೇಲೆ ತನಿಖೆಗೆ ಆದೇಶಿಸುವ ವ್ಯವಸ್ಥೆ ತಂದಿದೆ. ವರದಿ ಕೊಡೋದು ಇಲಾಖೆಯವರೇ ಅಲ್ವಾ? ಅದರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್, ಸರ್ಕಾರದ ಅನುಮತಿ ಇಲ್ಲದೆ ಮೊಕದ್ದಮೆ ಹೂಡೋದಕ್ಕೆ ತಡೆ. ಕರ್ತವ್ಯಕ್ಕೆ ಸಂಬಂಧವಿದ್ದರೆ, ಸ್ವಲ್ಪ ಅತಿರೇಕ ಆಗಿದ್ದರೂ ಅನುಮತಿ ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ ಹೇಳಿದೆ. ನನ್ನ ಪ್ರಕಾರ ಕಾನೂನೇ ಕಟ್ಟಿಕೊಟ್ಟ ಗೋಡೆ ಇದು. ಇದನ್ನು ದಾಟೋಕೆ, ನಡೆದದ್ದಕ್ಕೂ ಡ್ಯೂಟಿಗೂ ಸಂಬಂಧವೇ ಇಲ್ಲ ಅನ್ನೋದು ದೂರಿನಲ್ಲೇ ಕಾಣಬೇಕು. ದುಡ್ಡಿಗಾಗಿ ಹೊಡೆದರಾ? ಬಂಧನವನ್ನೇ ದಾಖಲಿಸದೆ ಇಟ್ಟುಕೊಂಡರಾ? ಅದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.

ಜೊತೆಜೊತೆಗೆ ಬೇರೆ ಬಾಗಿಲುಗಳು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪೊಲೀಸ್ ದೂರು ಪ್ರಾಧಿಕಾರ ನಮ್ಮಲ್ಲಿ 2012ರ ತಿದ್ದುಪಡಿಯಿಂದ ಬಂತು, ರಾಜ್ಯಕ್ಕೊಂದು, ಜಿಲ್ಲೆಗಳಲ್ಲೂ. ತುಂಬ ಜನಕ್ಕೆ ಹೆಸರೇ ಗೊತ್ತಿಲ್ಲ. ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು, ಫೀಸಿಲ್ಲ, ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕು. ಲಂಚ ಕೇಳಿದ್ದರೆ ಲೋಕಾಯುಕ್ತ, ಅದೂ ದುಡ್ಡು ಕೊಡುವ ಮುಂಚೆ. ಎಲ್ಲ ಕಡೆಯೂ ಒಂದೇ ದೂರಿನ ನಕಲು ಹೋಗಲಿ. ಒಂದೊಂದು ಕಡೆ ಒಂದೊಂದು ಥರ ಬರೆದರೆ ಆ ವ್ಯತ್ಯಾಸವನ್ನೇ ಹಿಡಿಯುತ್ತಾರೆ.

ತನಿಖೆ ಮುಗಿದು 'ಬಿ ರಿಪೋರ್ಟ್' (ಆರೋಪ ಸಾಬೀತಾಗಿಲ್ಲ, ಕೇಸು ಮುಗಿಸಿ ಅನ್ನುವ ಪೊಲೀಸ್ ವರದಿ) ಬಂದರೆ ಗಾಬರಿ ಬೇಡ. ಕೋರ್ಟ್ ನೋಟಿಸ್ ಕಳಿಸುತ್ತೆ, ತಕರಾರು ಅರ್ಜಿ ಹಾಕಿ, ನಿಮ್ಮ ಹೇಳಿಕೆ ದಾಖಲಾಗುತ್ತೆ. ಎಂಎಲ್‌ಸಿ, 112ರ ಕರೆ, ಪೋಸ್ಟ್ ರಸೀದಿ ಕೈಯಲ್ಲಿದ್ದವರಿಗೆ ಆಟ ಅಲ್ಲಿಗೆ ಮುಗಿದಿರೋದಿಲ್ಲ.

6. ಇದನ್ನು ಓದುತ್ತಿರುವ ಪೊಲೀಸರಿಗೆ

ಸಾತ್ತಾನ್‌ಕುಳಂನಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ರೇವತಿ, ಮ್ಯಾಜಿಸ್ಟ್ರೇಟ್ ಮುಂದೆ ಕಂಡದ್ದನ್ನು ಹೇಳಿದರು. ರಾತ್ರಿಯಿಡೀ ಹೊಡೆದದ್ದು, ಲಾಠಿ ಮೇಲೆ, ಮೇಜಿನ ಮೇಲೆ ರಕ್ತ ಇದ್ದದ್ದು. ಹೇಳುವಾಗ ಹೊರಗೆ ಸಹೋದ್ಯೋಗಿಗಳು ಕಿವಿಗೊಟ್ಟು ನಿಂತಿದ್ದರು. ಬರೆದುಕೊಂಡ ಹೇಳಿಕೆಗೆ ಸಹಿ ಹಾಕೋಕೆ ಅವರು ಮೊದಲು ಹೆದರಿದರು, ಆಮೇಲೆ ಹಾಕಿದರು. ಹೈಕೋರ್ಟ್ ಅವರ ಮನೆಗೆ ರಕ್ಷಣೆ ಕೊಡಿಸಿತು. ಅಷ್ಟು ಧೈರ್ಯ ಎಲ್ಲರಿಂದ ಕೇಳೋಕಾಗಲ್ಲ, ಆದರೆ ಅದಕ್ಕಿಂತ ಚಿಕ್ಕದು ಮಾಡಬಹುದು.

ನೀವು ನೋಡದ ಪಂಚನಾಮೆಗೆ ಸಹಿ ಹಾಕಬೇಡಿ. ನಿಮ್ಮ ಡ್ಯೂಟಿ ಬದಲಾದ ಹೊತ್ತು, ಯಾರನ್ನು ಯಾವಾಗ ಕರೆತಂದರು ಅನ್ನೋದು ದಿನಚರಿಯಲ್ಲಿ ಇದ್ದ ಹಾಗೇ ಇರಲಿ, ತಿದ್ದಿ ಬರೆಯಲು ಹೇಳಿದರೆ 'ಲಿಖಿತ ಆದೇಶ ಕೊಡಿ ಸರ್' ಅನ್ನಿ. ಸಾಹೇಬರು ಹೇಳಿದರು, ಮಾಡಿದೆ ಅನ್ನೋದು ಕೋರ್ಟಿನಲ್ಲಿ ನಿಲ್ಲೋದಿಲ್ಲ. 2011ರಲ್ಲಿ ನಕಲಿ ಎನ್‌ಕೌಂಟರ್ ಆರೋಪದ ಪ್ರಕಾಶ್ ಕದಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಾರವಾಗಿಯೇ ಹೇಳಿದೆ. ಹೇಳಿಕೆ ಕೊಡೋದಾದರೆ ತನಿಖಾಧಿಕಾರಿ ಮುಂದೆ ಮಾತ್ರ ಕೊಟ್ಟು ಸುಮ್ಮನಾಗಬೇಡಿ, ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ 183ರ ಹೇಳಿಕೆ ಮಾಡಿಸಿ ಅಂತ ಕೇಳಿ. ಆಮೇಲೆ ಯಾರೂ ಅದನ್ನು ತಿದ್ದೋಕಾಗಲ್ಲ, ಒತ್ತಡ ಹಾಕಿಯೂ ಹೆಚ್ಚು ಲಾಭ ಇರಲ್ಲ.

ಒಳಗಿನಿಂದ ಮಾತಾಡುವವರನ್ನು ಕಾಯಬೇಕಾದ ಕಾಯ್ದೆ 2014ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು, ಜಾರಿಗೆ ಮಾತ್ರ ಬರಲಿಲ್ಲ. ಸದ್ಯಕ್ಕೆ ಇರೋದು 2018ರ ಸಾಕ್ಷಿ ರಕ್ಷಣಾ ಯೋಜನೆ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿಯಲ್ಲಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಸದಸ್ಯರು, ನಿಮಗೆ ಅಪಾಯ ಎಷ್ಟಿದೆ ಅಂತ ವರದಿ ಬರೆಯೋದು ಉಪವಿಭಾಗದ ಡಿವೈಎಸ್‌ಪಿ. ಅಂದರೆ ಬಹುಶಃ ನೀವು ಯಾರ ವಿರುದ್ಧ ಹೇಳಿಕೆ ಕೊಟ್ಟಿದ್ದೀರೋ ಅವರ ಮೇಲಧಿಕಾರಿಯೇ. ಹಾಗಾಗಿ 'ವರದಿಯನ್ನು ಬೇರೆ ಉಪವಿಭಾಗದ ಅಧಿಕಾರಿಯಿಂದ ತರಿಸಿ' ಅಂತ ಅರ್ಜಿಯ ಮೊದಲ ಪುಟದಲ್ಲೇ ಕಾರಣ ಸಮೇತ ಬರೆಯಿರಿ, ಅದರ ಒಂದು ಪ್ರತಿ ಕೇಸು ನಡೆಯುತ್ತಿರುವ ಕೋರ್ಟಿನ ಕಡತಕ್ಕೂ ಸೇರಿಸಿ.